ನಮ್ಮ ಮನೆಗೆ ಕಳ್ಳರೇ ಬರಲಿಲ್ಲ

ಕಳ್ಳರು ಬರಲಿಲ್ಲವೆಂದು ಅಳುವ ಹೆಂಡತಿಯ ಜೊತೆ ಸಂಸಾರ ಮಾಡಿದವನಿಗೆ ನಗುವ ಪ್ರಸಂಗಗಳಿಗೇನೂ ಬರವಿರುವುದಿಲ್ಲ. ವರ್ಷಕ್ಕೊಂದಾದರೂ ಆಗಿಯೇ ತೀರುತ್ತದೆ. ನಾನು ದರ್ಜಿ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಒಂದು ಜವಳಿ ಅಂಗಡಿಯ ಜಗಲಿಯ ಮೇಲೆ ಹೊಲಿಗೆ ಮೆಷಿನ್ ಇಟ್ಟುಕೊಂಡು ಹದಿನೈದು ವರ್ಷ ಕೂತವನು. ಕೂತಲ್ಲೇ ಕೂತವನಿಗೆ ಎಂಥ ಪ್ರಸಂಗ ಎಂದು ನೀವು ಕೇಳಬಹುದು. ಎಲ್ಲದಕ್ಕೂ ಕಾರಣ ನಮ್ಮೂರಿನ ಒಂದು ಪದ್ಧತಿ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮೂರು ಘಟ್ಟದ ಕೆಳಗೆ, ಕಡಲ ದಂಡೆಯ ಹಳೇ ಪೇಟೆ. ನಾನೂ ನನ್ನ ಹೆಂಡತಿಯೂ ಅಲ್ಲೇ ಹುಟ್ಟಿದವರು. ಹಿಂದೆ ಯಾವುದೋ ಕಾಲದಲ್ಲಿ, ಮಳೆಗಾಲದ ಅಬ್ಬರ ತಗ್ಗಿ ಕಡಲು ತೆರೆದ ಕೂಡಲೇ, ಹಾಯಿ ಕಟ್ಟಿಕೊಂಡು ಕಡಲಗಳ್ಳರು ಬರುತ್ತಿದ್ದರಂತೆ. ಒಂದು ಸಲ ಊರಿನವರೆಲ್ಲ ಗುಡ್ಡ ಹತ್ತಿ ಓಡಿದರೂ ಒಂದು ಮನೆಯ ಹೆಂಗಸು ಮಾತ್ರ ಓಡಲಿಲ್ಲ. ಒಳಗೆ ನುಗ್ಗಿದ ಕಳ್ಳರಿಗೆ ಬಾಯಿಗೆ ಬಂದಂತೆ ಬೈದಳು. ಬೈದು ಮುಗಿಸಿ, "ಊಟ ಆಯ್ತಾ?" ಎಂದು ಕೇಳಿದಳು. ಆಗಿರಲಿಲ್ಲ. ಉಂಡರು. ಉಂಡವರು ಜಗಲಿಯ ಮೇಲೆ ಮಲಗಿದರು. ಏಳುವಷ್ಟರಲ್ಲಿ ನೀರು ಇಳಿದು ದೋಣಿ ಮರಳಿನಲ್ಲಿ ಕೂತಿತ್ತು. ಕಳ್ಳರು ಹಾಗೇ ಊರಲ್ಲಿ ಉಳಿದುಬಿಟ್ಟರು. ನಮ್ಮೂರಿನ ಅರ್ಧ ಜನ ಅವರ ಸಂತತಿ ಎನ್ನುತ್ತಾರೆ, ಯಾವ ಅರ್ಧ ಎಂಬುದನ್ನು ಮಾತ್ರ ಯಾರೂ ಬಾಯಿಬಿಡುವುದಿಲ್ಲ.

ಅದರ ನೆನಪಿಗೆ ಪ್ರತಿ ವರ್ಷ ಶ್ರಾವಣದ ನೂಲ ಹುಣ್ಣಿಮೆಯ ಮಾರನೇ ಬೆಳಿಗ್ಗೆ ನಮ್ಮೂರಿಗೆ ಕಳ್ಳರು ಬರುತ್ತಾರೆ. ನಮ್ಮವರೇ. ತಲೆಗೆ ಕೆಂಪು ವಸ್ತ್ರ ಕಟ್ಟಿ, ಮಸಿಯಿಂದ ಮೀಸೆ ಬರೆದುಕೊಂಡು, ಮರದ ಕತ್ತಿ ಹಿಡಿದು ದೋಣಿಯಿಂದ ಧುಮುಕಿ, ಚೆಂಡೆ ಬಡಿಯುತ್ತ ದಂಡೆಯ ಬೀದಿಯ ಮನೆಗಳಿಗೆ ನುಗ್ಗುತ್ತಾರೆ. ಮನೆಯವರು ಹೊಸ್ತಿಲಲ್ಲಿ ತೆಂಗಿನಕಾಯಿ, ಅವಲಕ್ಕಿ, ಬೆಲ್ಲ, ಒಂದು ಚೊಂಬು ಇಟ್ಟಿರಬೇಕು. ಕಳ್ಳರು ಅದನ್ನು ದೋಚಬೇಕು. ಮನೆಯೊಡತಿ ಬೀದಿಗೆಲ್ಲ ಕೇಳುವಂತೆ ಕೂಗಿ ಬೈಯಬೇಕು. ಮಾರನೇ ದಿನ ಚೊಂಬು ವಾಪಸ್ ಬರುತ್ತದೆ. ಕೊಳ್ಳೆಯಾದ ಮನೆಗೆ ಆ ವರ್ಷ ಒಳ್ಳೆಯದಾಗುತ್ತದೆ. ಕಳ್ಳರು ಬಿಟ್ಟುಹೋದ ಮನೆಯವರು ತಿಂಗಳುಗಟ್ಟಲೆ ತಲೆ ತಗ್ಗಿಸಿ ಓಡಾಡಬೇಕು. ಎಲ್ಲಕ್ಕಿಂತ ಮೊದಲು ಕೊಳ್ಳೆಯಾಗುವ ಮನೆ ನನ್ನ ಹೆಂಡತಿಯ ತವರುಮನೆ.

ತೂತಿನ ಚೊಂಬು

ನನ್ನ ಮದುವೆ ಆದದ್ದೇ ಕಳ್ಳತನದಿಂದ. ಆ ವರ್ಷ ನಾನು ಮೊದಲ ಸಲ ಕಳ್ಳನಾಗಿದ್ದೆ. ದೋಣಿಯಿಂದ ಹಾರುವಾಗ ಉಪ್ಪುನೀರು ಕಣ್ಣಿಗೆ ಹೊಡೆದು, ಮೀಸೆಯ ಮಸಿ ಗಲ್ಲಕ್ಕೆ ಇಳಿದಿತ್ತು. ಅದೇ ಅವತಾರದಲ್ಲಿ ಮೊದಲ ಮನೆಗೆ ನುಗ್ಗಿ ಹೊಸ್ತಿಲಲ್ಲಿದ್ದ ಚೊಂಬಿಗೆ ಕೈ ಹಾಕಿದೆ. ಬಾಗಿಲ ಹಿಂದಿದ್ದ ಹುಡುಗಿ ಮೆಲ್ಲಗೆ, "ಅದು ಬೇಡ, ತೂತು ಉಂಟು. ಇದನ್ನು ತಕೊಳ್ಳಿ," ಎಂದು ಒಳಗಿನಿಂದ ಬೇರೆ ಚೊಂಬು ತಂದುಕೊಟ್ಟಳು.

ಕದಿಯಲು ಹೋದವನಿಗೆ ಒಳ್ಳೇ ಮಾಲು ಆರಿಸಿಕೊಟ್ಟವಳನ್ನು ಮರೆಯುವುದು ಹೇಗೆ? ಮಾರನೇ ದಿನ ಚೊಂಬು ವಾಪಸ್ ಕೊಡಲು ನಾನೇ ಹೋದೆ. ಅದರ ಮಾರನೇ ದಿನ, ಚೊಂಬು ಸರಿಯಾಗಿ ತಲುಪಿತೇ ಎಂದು ವಿಚಾರಿಸಲು ಹೋದೆ. ಮೂರನೇ ದಿನ ಹೋದಾಗ ಏನು ಹೇಳಬೇಕೆಂದು ತಿಳಿಯದೆ ಅಂಗಳದಲ್ಲಿ ಸುಮ್ಮನೆ ನಿಂತೆ. ಅವಳ ಅಪ್ಪ ಬಲೆ ಹೆಣೆಯುತ್ತಿದ್ದವರು ತಲೆಯೆತ್ತದೆ ಹೇಳಿದರು: "ಕಳ್ಳ ಒಂದು ಸಲ ಬರ್ತಾನೆ. ಮೂರು ಸಲ ಬರುವವನು ಅಳಿಯ. ಒಳಗೆ ಬಾ."

ರಜೆ

ಮದುವೆಯಾದ ಮರುವರ್ಷ ಹೊಟ್ಟೆಪಾಡಿಗೆ ಘಟ್ಟ ಹತ್ತಿದೆವು. ಭದ್ರಾವತಿಯಲ್ಲಿ ಆಗ ಕಬ್ಬಿಣದ ಕಾರ್ಖಾನೆಯಿಂದಾಗಿ ಎಲ್ಲೆಲ್ಲಿಂದಲೋ ಜನ ಬಂದು ಸೇರುತ್ತಿದ್ದರು. ಜನ ಬಂದಲ್ಲಿ ಅಂಗಿ ಹೊಲಿಯುವವನಿಗೆ ಕೆಲಸ ಇದ್ದೇ ಇರುತ್ತದೆ. ತೊಂದರೆಯೆಂದರೆ ನಮ್ಮೂರಿನ ಕಳ್ಳರ ದಿನ ಬರುವುದು ಗೌರಿ ಹಬ್ಬಕ್ಕೆ ಎರಡು ಮೂರು ವಾರ ಮುಂಚೆ. ಓಲ್ಡ್ ಟೌನಿನ ಹೆಂಗಸರ ರವಿಕೆಗಳೆಲ್ಲ ಆ ಹೊತ್ತಿಗೆ ನನ್ನ ಮೆಷಿನ್ನಿನ ಪಕ್ಕ ಗುಡ್ಡೆ ಬಿದ್ದಿರುತ್ತಿದ್ದವು. ಬೇಸಿಗೆಯಲ್ಲಿ ಊರಿಗೆ ಹೋಗಿ ಬರಲು ಯಾರ ಅಡ್ಡಿಯೂ ಇರಲಿಲ್ಲ. ಹೋಗಲೇಬೇಕೆನಿಸುವ ದಿನಕ್ಕೆ ಮಾತ್ರ ಆಗುತ್ತಿರಲಿಲ್ಲ.

ಮೊದಲ ವರ್ಷ ಧೈರ್ಯ ಮಾಡಿ ಅಂಗಡಿಯ ಸಾಹುಕಾರರ ಮುಂದೆ ನಿಂತೆ.

"ನಾಲ್ಕು ದಿನ ರಜೆ ಬೇಕಿತ್ತು. ಊರಿಗೆ ಕಳ್ಳರು ಬರ್ತಾರೆ."

ಸಾಹುಕಾರರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. "ಯಾವತ್ತು ಬರ್ತಾರೆ ಅಂತ ಮೊದಲೇ ಗೊತ್ತಾ?"

"ಹೌದು. ಹುಣ್ಣಿಮೆ ಮಾರನೇ ದಿನ, ಬೆಳಿಗ್ಗೆ."

"ಪೊಲೀಸ್ನೋರಿಗೆ ಹೇಳಿದೀರಾ?"

"ಅವರಿಗೂ ಅವತ್ತು ಅವಲಕ್ಕಿ ಕೊಡ್ತೇವೆ."

ಅವರು ಎಲೆಯನ್ನು ತಟ್ಟೆಗೆ ಹಾಕಿದರು. "ಅಲ್ಲಯ್ಯ, ಕಳ್ಳರು ಬರೋ ದಿನ ಜನ ಊರು ಬಿಟ್ಟು ಓಡ್ತಾರೆ. ನೀನು ಊರಿಗೆ ಹೋಗ್ತೀನಿ ಅಂತೀಯ. ಅಲ್ಲಿ ನಿನ್ನದೇನು ಕೆಲಸ?"

"ನಾನೇ ಕಳ್ಳ, ಸಾಹುಕಾರ್ರೆ," ಎಂದೆ.

ರಜೆ ಸಿಗಲಿಲ್ಲ. ಅವತ್ತಿನವರೆಗೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುತ್ತಿದ್ದವನು ನಾನೇ. ಮಾರನೇ ದಿನದಿಂದ ಸಾಹುಕಾರರು ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡು, ಸ್ನಾನಕ್ಕೂ ಅದರ ಜೊತೆಯಲ್ಲೇ ಹೋಗುತ್ತಿದ್ದರಂತೆ.

ಹಸು

ನಮಗೆ ಊರಿಗೆ ಹೋಗಲಾಗದಿದ್ದರೇನು, ಕಳ್ಳರು ನಮ್ಮಲ್ಲಿಗೆ ಬರಬಾರದೆಂದೇನಾದರೂ ಇದೆಯೇ ಎಂಬುದು ನನ್ನ ಹೆಂಡತಿಯ ವಾದ. ಆ ದಿನ ಬೆಳಿಗ್ಗೆ ಮಿಂದು, ಬಾಗಿಲು ಹಾರುಹೊಡೆದು, ಹೊಸ್ತಿಲಲ್ಲಿ ತೆಂಗಿನಕಾಯಿ, ಅವಲಕ್ಕಿ, ಬೆಲ್ಲ, ಚೊಂಬು ಇಟ್ಟು ಕಾಯುತ್ತ ಕೂತಳು.

ನಮ್ಮದು ಒಂದೇ ಮಾಡಿನ ಕೆಳಗೆ ಎರಡು ಮನೆ. ಪಕ್ಕದಲ್ಲಿ ಭದ್ರಾವತಿ ಕಡೆಯವರೇ ಆದ ಒಕ್ಕಲು ಮನೆತನದ ಅಕ್ಕ ಇದ್ದರು. ಅವರ ಯಜಮಾನರು ಕಾರ್ಖಾನೆಗೆ ಸೇರಿದ ಮೇಲೆ ಹಳ್ಳಿ ಬಿಟ್ಟು ಬಂದವರು. ಅವರು ನೀರಿಗೆ ಹೋಗುವಾಗ ನಮ್ಮ ಹೊಸ್ತಿಲು ನೋಡಿ ನಿಂತರು.

"ಯಾರಾದ್ರೂ ಬರ್ತಾರೇನೇ, ಇಷ್ಟೊಂದು ಜೋಡಿಸಿದೀಯ?"

"ಕಳ್ಳರು ಬರ್ಲಿಕ್ಕುಂಟು ಅಕ್ಕ," ಎಂದಳು ನನ್ನ ಹೆಂಡತಿ, ನೆಂಟರು ಬರುತ್ತಾರೆ ಎನ್ನುವ ದನಿಯಲ್ಲಿ.

ಅಕ್ಕ ಕೊಡ ಅಲ್ಲೇ ಕುಕ್ಕಿ ಒಳಗೆ ಹೋದರು. ಅರ್ಧ ಗಂಟೆಯಲ್ಲಿ ಇಡೀ ಬೀದಿಯ ಬಾಗಿಲುಗಳಿಗೆ ಒಳಚಿಲಕ ಬಿತ್ತು. ಮಟಮಟ ಮಧ್ಯಾಹ್ನದವರೆಗೆ ಒಂದು ನರಪಿಳ್ಳೆಯೂ ಹೊರಗೆ ಬರಲಿಲ್ಲ. ತೆರೆದ ಬಾಗಿಲು ನಮ್ಮದೊಂದೇ.

ನಾನು ಊಟಕ್ಕೆ ಬಂದಾಗ ಅವಳು ಹೊಸ್ತಿಲಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು. ಅವಲಕ್ಕಿಯ ತಟ್ಟೆ ಖಾಲಿಯಾಗಿತ್ತು. ನನಗೆ ಖುಷಿಯಾಯಿತು. "ಬಂದ್ರಾ?" ಎಂದೆ.

"ಹಸು ಬಂದಿತ್ತು."

"ಹೋಗ್ಲಿ, ಯಾರೋ ಒಬ್ಬರು ದೋಚಿದ ಹಾಗಾಯ್ತಲ್ಲ."

"ಅದು ಎಂತ ದೋಚುವುದು? ನಾನು ಅಷ್ಟು ಕೂಗಿದೆ, ಅದು ತಿರುಗಿಯೂ ನೋಡ್ಲಿಲ್ಲ. ಬೈದರೆ ಬೈಸಿಕೊಳ್ಳುವ ಮರ್ಯಾದೆಯಾದರೂ ಬೇಡವಾ?"

ಸ್ವಂತ ಕಳ್ಳ

ಎರಡು ಮೂರು ವರ್ಷ ಹೀಗೇ ಹೋಯಿತು. ಪಕ್ಕದ ಅಕ್ಕನಿಗೆ ಅವಳು ನಮ್ಮೂರಿನ ಪದ್ಧತಿಯನ್ನು ಅಷ್ಟಿಷ್ಟು ಹೇಳಿದ ಮೇಲೆ ಬೀದಿಯವರು ಚಿಲಕ ಹಾಕುವುದನ್ನು ಬಿಟ್ಟರು. ಅವಳು ಬೆಳಿಗ್ಗೆ ಇಡುವುದು, ಮಧ್ಯಾಹ್ನ ತೆಗೆಯುವುದು. ಅವಲಕ್ಕಿಯನ್ನು ರಾತ್ರಿ ನಾವಿಬ್ಬರೇ ತಿನ್ನುವುದು. ನನಗೆ ನೋಡಲಾಗಲಿಲ್ಲ. ಊರು ತಪ್ಪಿಸಿದವನು ನಾನು, ಕಳ್ಳರನ್ನಾದರೂ ಒದಗಿಸಬಾರದೇ ಎನಿಸಿತು.

ಆ ವರ್ಷ ಅಂಗಡಿಯಿಂದ ಒಂದು ಗಂಟೆ ಬಿಡುವು ಕೇಳಿಕೊಂಡು ಬಂದೆ. ಅಸ್ತರಿಗೆ ತಂದಿದ್ದ ಕೆಂಪು ಬಟ್ಟೆಯ ತುಂಡನ್ನು ತಲೆಗೆ ಸುತ್ತಿದೆ. ಹಿತ್ತಿಲಲ್ಲಿ ಬಾಣಲೆಯ ತಳದ ಮಸಿ ಉಜ್ಜಿ ಮೀಸೆ ಬರೆದೆ. ಕತ್ತಿ ಇರಲಿಲ್ಲ, ಬಟ್ಟೆ ಅಳೆಯುವ ಗಜಕಡ್ಡಿ ಇತ್ತು. ಮನೆಯನ್ನು ಸುತ್ತುಹಾಕಿ ಮುಂದಿನ ಬಾಗಿಲಿಂದ "ಹೋ" ಎಂದು ಒಳಗೆ ನುಗ್ಗಿ, ತೆಂಗಿನಕಾಯಿ ಒಂದು ಕೈಯಲ್ಲಿ, ಚೊಂಬು ಇನ್ನೊಂದು ಕೈಯಲ್ಲಿ ಎತ್ತಿಕೊಂಡು ನಿಂತೆ. ಅವಳು ಬೈಯಲೆಂದು ಕಾದೆ.

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ತುಟಿಯಲ್ಲಿ ನಗು ಬಂದು, ಅರ್ಧಕ್ಕೇ ನಿಂತುಹೋಯಿತು.

"ಇಲ್ಲಿ ಕೇಳಿ. ನಮ್ಮ ಮನೆಯನ್ನು ನೀವೇ ದೋಚಿದರೆ ಅದಕ್ಕೆ ಕೊಳ್ಳೆ ಅಂತ ಹೇಳುವುದಿಲ್ಲ, ಸಂಸಾರ ಅಂತ ಹೇಳುವುದು," ಎಂದಳು. "ಹೇಗೂ ಕೈಯಲ್ಲಿ ಚೊಂಬು ಉಂಟಲ್ಲ, ಬಾವಿಯಿಂದ ನೀರು ತನ್ನಿ."

ಹರಿಗೋಲು

ಶಿವಮೊಗ್ಗದಲ್ಲಿ ನಮ್ಮೂರಿನವರೊಬ್ಬರು ಹೋಟೆಲ್ ಇಟ್ಟಿದ್ದರು. ಅವರಿಗೂ ಊರಿನ ಹುಚ್ಚು ನನ್ನಷ್ಟೇ. ಒಂದು ವರ್ಷ ಅವರಿಂದ ಹೇಳಿಕೆ ಬಂತು: ಹೋಟೆಲಿನ ಎಂಟು ಜನ ನಮ್ಮ ಕಡೆಯವರೇ ಇದ್ದಾರೆ, ತುಂಗಾ ನದಿಯಲ್ಲೇ ದೋಣಿ ಇಳಿಸಿ ಕಳ್ಳರ ದಿನ ಮಾಡೋಣ, ಮನೆಯವರನ್ನು ಕರೆದುಕೊಂಡು ಬಾ. ಒಂದೇ ದಿನ ಎಂದು ಸಾಹುಕಾರರನ್ನು ಒಪ್ಪಿಸಿದೆ. ನನ್ನ ಹೆಂಡತಿ ತೆಂಗಿನಕಾಯಿಯನ್ನು ಮಡಿಲಲ್ಲಿ ಕಟ್ಟಿಕೊಂಡು ಬೆಳಗಿನ ರೈಲು ಹತ್ತಿದಳು. ದಾರಿಯುದ್ದಕ್ಕೂ ಯಾವ ಬೈಗುಳ ಮೊದಲು, ಯಾವುದು ಆಮೇಲೆ ಎಂದು ಬೆರಳು ಮಡಿಸಿ ಜೋಡಿಸಿಕೊಳ್ಳುತ್ತಿದ್ದಳು.

ಮಳೆ ನಾಲ್ಕು ದಿನ ಬಿಡುವು ಕೊಟ್ಟಿತ್ತು, ಹೊಳೆಯೂ ಇಳಿದಿತ್ತು. ಆದರೆ ದೋಣಿ ಸಿಗಲಿಲ್ಲ. ಸಿಕ್ಕಿದ್ದು ಹರಿಗೋಲು, ತೊಗಲು ಹೊದಿಸಿದ ಬುಟ್ಟಿ. ನಾವೆಲ್ಲ ಕಡಲಿನಲ್ಲಿ ಬೆಳೆದವರು, ಇದೇನು ಮಹಾ ಎಂದು ಮೀಸೆ ಬರೆದುಕೊಂಡು, ಆ ಕಡೆ ದಡದಲ್ಲಿ ಹತ್ತಿ ಕೂತೆವು. ಈ ಕಡೆ ದಡದಲ್ಲಿ ಹೆಂಗಸರು ಅವಲಕ್ಕಿ ಇಟ್ಟುಕೊಂಡು ಕಾಯುತ್ತಿದ್ದರು.

ಹರಿಗೋಲು ಗರಗರ ತಿರುಗತೊಡಗಿತು. ನಾನು ದಡದ ಕಡೆ ನೋಡಿ "ಹೋ" ಎಂದು ಕೂಗುವಷ್ಟರಲ್ಲಿ ಮುಖ ಎದುರು ದಡಕ್ಕೆ ತಿರುಗಿರುತ್ತಿತ್ತು. ಮತ್ತೆ ಹೆಂಡತಿ ಕಾಣಿಸುತ್ತಿದ್ದಳು, ಮತ್ತೆ ಮಾಯವಾಗುತ್ತಿದ್ದಳು. ನಾಯಕನಾಗಿದ್ದ ಹೋಟೆಲಿನ ಅಡಿಗೆಭಟ್ಟರು ಕತ್ತಿ ಬಿಸಾಕಿ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡರು. ಪ್ರವಾಹ ನಮ್ಮನ್ನು ಹೆಂಗಸರು ಕಾಯುತ್ತಿದ್ದ ಜಾಗಕ್ಕಿಂತ ಬಹಳ ಕೆಳಗೆ, ಅಗಸರು ಬಟ್ಟೆ ಒಗೆಯುವ ಕಲ್ಲುಗಳ ಹತ್ತಿರ ಕೊಂಡೊಯ್ದು ಬಿಟ್ಟಿತು. ಊರನ್ನೇ ನಡುಗಿಸಬೇಕಾದ ಒಂಬತ್ತು ಜನ ಕಡಲಗಳ್ಳರು ಸಾಲಾಗಿ ಕೂತು ವಾಂತಿ ಮಾಡಿದೆವು. ಅಗಸರು ಪಾಪ, ಕೈ ಹಿಡಿದು ಮೇಲೆ ಹತ್ತಿಸಿದರು.

ಹರಿಗೋಲಿನವನು ಹುಟ್ಟು ಒರಗಿಸಿ ಕೇಳಿದ: "ಅಲ್ಲ ಸ್ವಾಮಿ, ಕೊಳ್ಳೆ ಹೊಡೆಯೋಕೆ ಇದ್ರಲ್ಲಿ ಯಾಕ್ ಬಂದ್ರಿ? ಅಲ್ಲೇ ಸೇತುವೆ ಐತಲ್ಲ, ನಡ್ಕೊಂಡ್ ಬರಬಹುದಿತ್ತು."

ದಡದುದ್ದಕ್ಕೂ ಓಡಿ ಬಂದ ನನ್ನ ಹೆಂಡತಿ ಅವತ್ತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನೋಡಿ ನಾನು ವಾಂತಿಯ ಸಂಕಟವನ್ನೂ ಮರೆತೆ. ವಾಪಸ್ ರೈಲಿನಲ್ಲಿ ಮಾತ್ರ ತೆಂಗಿನಕಾಯಿ ಅವಳ ಮಡಿಲಲ್ಲೇ ಇತ್ತು. ಕಿಟಕಿಯ ಕಡೆ ನೋಡುತ್ತ, "ನೀರಿಗೆ ಉಪ್ಪಿನ ಪರಿಮಳವೇ ಇಲ್ಲ ಅಲ್ವಾ?" ಎಂದಳು. ನಾನು ಇಲ್ಲ ಎಂದೆ.

ಕಾರ್ಡು

ನಮ್ಮತ್ತೆಗೆ ಓದುಬರಹ ಇಲ್ಲ. ಆದರೆ ಕಳ್ಳರ ದಿನ ಕಳೆದ ಮೇಲೆ ಯಾರ ಕೈಯಿಂದಲಾದರೂ ಒಂದು ಕಾರ್ಡು ಬರೆಸಿ ಹಾಕುತ್ತಿದ್ದರು. "ಕ್ಷೇಮ. ಈ ಸಲವೂ ನಮ್ಮ ಮನೆಯೇ ಮೊದಲು. ಕಳ್ಳರು ನಿನ್ನನ್ನು ಕೇಳಿದರು." ಇಷ್ಟೇ. ಈ ಮೂರು ಸಾಲನ್ನು ನನ್ನ ಹೆಂಡತಿ ದೀಪಾವಳಿಯವರೆಗೂ ಓದುತ್ತಿದ್ದಳು. ಕಳ್ಳರು ನಿನ್ನನ್ನು ಕೇಳಿದರು ಎಂಬ ಮಾತು ಬಂದಾಗ ದನಿ ಏರಿಸಿ, ನನಗೆ ಕೇಳಿಸುವಂತೆ ಓದುತ್ತಿದ್ದಳು.

ಯುದ್ಧದ ಕಾಲದಲ್ಲಿ ಒಂದು ವರ್ಷ ಕಾರ್ಡು ಬರುವುದು ಬಹಳ ತಡವಾಯಿತು. ಅವಳು ದಿನಾ ಬಾಗಿಲಿಗೆ ಬಂದು ನೋಡುವುದು, ಒಳಗೆ ಹೋಗುವುದು. ಕೊನೆಗೆ ಬಂತು. ಓದಿದವನು ನಾನು.

"ಕ್ಷೇಮ. ಅಕ್ಕಿಯನ್ನು ಅಳೆದು ಕೊಡುತ್ತಿದ್ದಾರೆ. ದೋಣಿಯ ಹುಡುಗರಲ್ಲಿ ಬಹಳ ಜನ ಕೆಲಸ ಹುಡುಕಿ ಊರು ಬಿಟ್ಟಿದ್ದಾರೆ. ಈ ವರ್ಷ ಕಳ್ಳರು ಬರಲಿಲ್ಲ. ನಾನು ಸುಮ್ಮನಿರಲಾರದೆ ಒಬ್ಬಳೇ ಹೊಸ್ತಿಲಲ್ಲಿ ನಿಂತು ಬೈಯುವುದನ್ನೆಲ್ಲ ಬೈದು ಒಳಗೆ ಬಂದೆ. ಆಗ ದಾರಿಯಲ್ಲಿ ಹೋಗುತ್ತಿದ್ದ ಟಪ್ಪಾಲಿನವನು ಅದು ತನಗೇ ಎಂದು ತಿಳಿದು ಹದಿನೈದು ದಿನ ನಮ್ಮ ಬೀದಿಗೆ ಕಾಲಿಡಲಿಲ್ಲ. ಆದ್ದರಿಂದ ಈ ಕಾರ್ಡು ತಡ."

ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ಅವಳು ಕಾರ್ಡನ್ನು ತೆಗೆದುಕೊಂಡು ಒಳಕೋಣೆಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬೈಯುವವರಿದ್ದೂ ಬೈಸಿಕೊಳ್ಳುವವರಿಲ್ಲದ ತವರುಮನೆ ಅವಳಿಗೆ ಕಣ್ಣಿಗೆ ಕಟ್ಟಿದಂತಾಗಿರಬೇಕು. ನಾನು ಮನೆಯಲ್ಲಿದ್ದ ಹಳೇ ಮೆಷಿನ್ನಿನ ಮುಂದೆ ಕೂತು ದಾರವಿಲ್ಲದೆ ಸುಮ್ಮನೆ ತುಳಿದೆ, ಅಳುವುದು ನನಗೆ ಕೇಳಿಸಿತೆಂದು ಅವಳಿಗೆ ಗೊತ್ತಾಗದಿರಲಿ ಎಂದು.

ಬೀದಿಯ ಹೆಂಗಸರು

ಮರುವರ್ಷ ಆ ದಿನ ಅವಳು ಹೊಸ್ತಿಲಲ್ಲಿ ಏನೂ ಇಡಲಿಲ್ಲ. "ಇನ್ನು ಸಾಕು," ಎಂದಳು. "ಅಲ್ಲಿಯೇ ಇಲ್ಲ, ಇಲ್ಲಿ ನಾನೊಬ್ಬಳು ಇಟ್ಟುಕೊಂಡು ಎಂತ ಮಾಡ್ಲಿಕ್ಕುಂಟು?" ಇಷ್ಟು ಹೇಳಿ ಒರಳಿನ ಮುಂದೆ ಕೂತು ದೋಸೆಗೆ ರುಬ್ಬತೊಡಗಿದಳು. ನಾನು ಗೌರಿ ಹಬ್ಬದ ರವಿಕೆಗಳನ್ನು ಮನೆಗೇ ತಂದು ಕೈಹೊಲಿಗೆ ಹಾಕುತ್ತಿದ್ದೆ. ಅವತ್ತು ಅವಳನ್ನು ಒಂಟಿ ಬಿಡಲು ಮನಸ್ಸಾಗಿರಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಹೊರಗೆ ಸೀಮೆಎಣ್ಣೆ ಡಬ್ಬ ಬಡಿಯುವ ಸದ್ದು. ತಲೆಯೆತ್ತಿ ನೋಡುವಷ್ಟರಲ್ಲಿ ಬಾಗಿಲು ತುಂಬ ಹೆಂಗಸರು. ಎಲ್ಲರೂ ಸೀರೆ ಎತ್ತಿ ಕಟ್ಟಿದ್ದಾರೆ, ತಲೆಗೆ ಗಂಡಂದಿರ ರುಮಾಲು, ಮೂಗಿನ ಕೆಳಗೆ ಮಸಿಯ ಮೀಸೆ. ಮುಂದೆ ಪಕ್ಕದ ಮನೆಯ ಅಕ್ಕ, ಕೈಯಲ್ಲಿ ಒನಕೆ. ಹಿಂದೆ ಕಾರ್ಖಾನೆ ಕಡೆಯ ತಮಿಳು ಹೆಂಗಸು, ಸೌಟು. ಎಲ್ಲರಿಗಿಂತ ದೊಡ್ಡ ಮೀಸೆ ಅಕ್ಕನ ಅತ್ತೆಯದು. ಎಪ್ಪತ್ತು ದಾಟಿದ ಅಜ್ಜಿ, ಎರಡು ಕಿವಿಗೂ ಮುಟ್ಟುವಂತೆ ಬರೆಸಿಕೊಂಡಿದ್ದರು.

"ಹೋ," ಎಂದರು ಅಕ್ಕ, ಸ್ವಲ್ಪ ನಾಚಿಕೊಂಡೇ.

ಆಮೇಲೆ ನಾಚಿಕೆ ಎಲ್ಲಿ ಹೋಯಿತೋ. ತೆಂಗಿನಕಾಯಿ, ಅವಲಕ್ಕಿ, ಚೊಂಬಿಗೆ ನಿಲ್ಲಿಸಬೇಕೆಂಬ ನಿಯಮ ಅವರಿಗೇನು ಗೊತ್ತು? ಹೊಸ್ತಿಲಲ್ಲಂತೂ ಏನೂ ಇರಲಿಲ್ಲ. ಇಡೀ ಮನೆಗೆ ಕೈ ಹಾಕಿದರು. ಉಪ್ಪಿನಕಾಯಿ ಭರಣಿ ಹೋಯಿತು, ಹಾಸಿಗೆ ಹೋಯಿತು, ರುಬ್ಬಿಟ್ಟ ಹಿಟ್ಟು ಪಾತ್ರೆ ಸಮೇತ ಹೋಯಿತು. ತಮಿಳು ಹೆಂಗಸು ನನ್ನ ಕೈಯಲ್ಲಿದ್ದ ರವಿಕೆಯನ್ನು ಎಳೆದುಕೊಂಡು, "ಇದು ನಂದೇ ಅಲ್ವಾ, ಎಂಟು ದಿನ ಆಯ್ತು," ಎಂದಳು. ಗುಂಡಿ ಇನ್ನೂ ಹಾಕಿಲ್ಲಮ್ಮ ಎಂದೆ. "ಹಾಗಾದ್ರೆ ನಾಳೆ ಕದೀತೀನಿ, ಹಾಕಿಡಿ," ಎಂದು ವಾಪಸ್ ಕೊಟ್ಟಳು. ಅಜ್ಜಿ ಹಳೇ ಹೊಲಿಗೆ ಮೆಷಿನ್ನನ್ನು ಎತ್ತಲು ನೋಡಿ, ಆಗದೆ, ಅದರ ಮೇಲೇ ಕೂತು ಸುಧಾರಿಸಿಕೊಂಡರು.

ನನ್ನ ಹೆಂಡತಿ ಹಿಟ್ಟಿನ ಕೈಯಲ್ಲೇ ಎದ್ದು ನಿಂತಿದ್ದಳು. ಅಕ್ಕ ಭರಣಿಯನ್ನು ಕಂಕುಳಲ್ಲಿಟ್ಟುಕೊಂಡು ಕಾದರು, ಮತ್ತೂ ಕಾದರು.

"ಏನೇ, ಬೈಯಲ್ವಾ? ಬೈದ್ರೇ ಕೊಳ್ಳೆ ಆಗೋದು ಅಂತ ನೀನೇ ಹೇಳಿದ್ದೆ. ಬೇಗ ಶುರು ಮಾಡು ಮಾರಾಯ್ತಿ, ಒಲೆ ಮೇಲೆ ಸಾರಿಟ್ಟು ಬಂದಿದೀನಿ."

ಆಗ ಬೈದಳು. ಅಬ್ಬ, ಹೇಗೆ ಬೈದಳು. ಅಷ್ಟು ವರ್ಷ ಕೂಡಿಟ್ಟಿದ್ದ ಬೈಗುಳವೆಲ್ಲ, ನಮ್ಮೂರಿನ ಮಾತಿನಲ್ಲಿ, ಒಂದರ ಹಿಂದೊಂದು ಬಂದವು. ಹೆಂಗಸರಿಗೆ ಅರ್ಧ ಅರ್ಥವಾಗಲಿಲ್ಲ, ಆದರೂ ಸಂತೋಷದಿಂದ ತಲೆಯಾಡಿಸುತ್ತ ಬೈಸಿಕೊಂಡರು. ಬೈಯುತ್ತ ಬೈಯುತ್ತ ಅವಳ ದನಿ ಒಡೆಯಿತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ಅವಳಿಗೂ ತಿಳಿದಿರಲಿಕ್ಕಿಲ್ಲ.

ನಮ್ಮೂರಿನಲ್ಲಿ ಕಳ್ಳರು ಹೊರಡುವಾಗ ಮನೆಯೊಡತಿ ಕೊನೆಗೊಂದು ಪ್ರಶ್ನೆ ಕೇಳಬೇಕು: ಯಾವ ಕಡಲಿಂದ ಬಂದಿರಿ? ಅದಕ್ಕೆ ಕಳ್ಳರು ಏಳು ಸಮುದ್ರಗಳ ಹೆಸರನ್ನು ರಾಗವಾಗಿ ಹೇಳಿ ದೋಣಿ ಹತ್ತುತ್ತಾರೆ. ಹೆಂಗಸರು ಒಬ್ಬೊಬ್ಬರಾಗಿ ಹೊಸ್ತಿಲು ದಾಟುತ್ತಿದ್ದರು. ನನ್ನ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು ಅಕ್ಕನ ಹಿಂದೆ ಬಾಗಿಲವರೆಗೆ ಹೋದಳು. ಪದ್ಧತಿಯಂತೆ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

"ಯಾವ ಕಡಲಿಂದ ಬಂದಿರಿ?"

ಅಕ್ಕ ತಿರುಗಿ ನಿಂತರು. ಭರಣಿಯನ್ನು ಒಂದು ಕಂಕುಳಿನಿಂದ ಇನ್ನೊಂದು ಕಂಕುಳಿಗೆ ಬದಲಾಯಿಸಿದರು. ಬೆವರಿಗೆ ಅವರ ಮೀಸೆ ಕರಗಿ ಬಾಯಿಗೆ ಇಳಿಯುತ್ತಿತ್ತು.

"ಕಡಲನ್ನ ನಾನೆಲ್ಲೇ ನೋಡಿದೀನಿ ಮಾರಾಯ್ತಿ," ಎಂದರು. "ಪಕ್ಕದ ಮನೆಯಿಂದ ಬಂದೆ. ಮಧ್ಯೆ ಇರೋದು ಒಂದೇ ಗೋಡೆ. ಹೋದ ವರ್ಷ ನೀನು ಅತ್ತಿದ್ದು ಪೂರಾ ಕೇಳಿಸ್ತು. ಈ ವರ್ಷಾನೂ ಅದನ್ನ ಕೇಳ್ತಾ ಕೂತಿರೋಕೆ ನನ್ನ ಕೈಲಾಗಲ್ಲ, ಅದಕ್ಕೇ ಕಳ್ಳತನಕ್ಕೆ ಇಳಿದೆ."